ಕಂಚಿಕೋಟೆಯ ಭೇರಿ

ಕಾರಹುಣ್ಣಿಮೆಯ ದಿನ, ಊರಿಗೆ ಊರೇ ಎತ್ತುಗಳಿಗೆ ಬಣ್ಣ ಬಳಿಯುತ್ತಿದ್ದಾಗ, ಗಾದ್ರಿ ಎಂಬ ಹುಡುಗ ಅಯ್ಯನವರ ಮಠದಲ್ಲಿ ಮರಳ ಮೇಲೆ ತಿದ್ದುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಮೊದಲ ಸಲ ಮನೆಯಿಂದ ಹೊರಟುಹೋದ. ಇದು ಬಹಳ ಹಿಂದಿನ ಮಾತು. ಆಗಿನ್ನೂ ಕಲ್ಲಿನ ಸಿಂಹಗಳಿಗೆ ಹಸಿವಾಗುತ್ತಿತ್ತು. ಅಂದು ಹೊರಟವನ ಕಾಲು ಯಾವ ಊರಲ್ಲೂ ನಿಲ್ಲಲಿಲ್ಲ. ಕೊನೆಗೆ ನಿಂತದ್ದು ಕಂಚಿಕೋಟೆ ರಾಜ್ಯದಲ್ಲಿ, ಹೊನ್ನೂರಿ ಎಂಬವಳು ರಾಗಿ ಬೀಸುತ್ತ ಹಾಡುವುದನ್ನು ಕೇಳಿ. ಆ ಹಾಡಿಗಾಗಿಯೇ ಅವಳನ್ನು ಮದುವೆಯಾದ.

ಆ ರಾಜ್ಯಕ್ಕೊಂದು ಕೇಡು ಅಂಟಿತ್ತು. ಕೋಟೆಯ ಕೊತ್ತಲದ ಮೇಲೆ ಕೂತ ಒಬ್ಬ ಮಂತ್ರವಾದಿ ಸಂಜೆಯಾದರೆ ಮನೆಯಷ್ಟು ದೊಡ್ಡ ಭೇರಿ ಬಾರಿಸುತ್ತಿದ್ದ. ಏಟು ಬಿದ್ದಾಗಲೆಲ್ಲ ಜನರ ಕಿವಿಯಿಂದ ಒಂದೊಂದು ಸದ್ದು ಕಳಚಿ ಅವನ ಸೋರೆಬುರುಡೆಗೆ ಹೋಗಿ ಬೀಳುತ್ತಿತ್ತು. ಮೊದಲು ಗುಬ್ಬಿಯ ದನಿ, ಆಮೇಲೆ ಮಕ್ಕಳ ಮಾತು, ಕೊನೆಗೆ ಎಲ್ಲವೂ. ಆದರೂ ಯಾರೂ ಕಿವಿ ಮುಚ್ಚುತ್ತಿರಲಿಲ್ಲ. ಬರಿಗಿವಿಯಲ್ಲಿ ಭೇರಿಯ ಕೆಳಗೆ ನಿಲ್ಲುವುದೇ ಅಲ್ಲಿ ಗಂಡಸುತನ. ಮುಚ್ಚಿದವನಿಗೆ ಬಳೆ ತೋರಿಸಿ ನಗುತ್ತಿದ್ದರು.

ಒಂದು ದಿನ ಹೊನ್ನೂರಿ ಹಾಡು ನಿಲ್ಲಿಸಿದಳು.

“ಯಾಕೆ ನಿಲ್ಲಿಸಿದೆ?” ಎಂದ ಗಾದ್ರಿ.

“ನನ್ನ ದನಿ ನನಗೇ ಸರಿಯಾಗಿ ಕೇಳ್ತಿಲ್ಲ. ಕಿವಿಯೊಳಗೆ ಜೀರುಂಡೆ ಕೂತಂಗೈತೆ.” ಅವಳು ಕಲ್ಲಿನ ಮೇಲಿನ ಹಿಟ್ಟು ಒರೆಸಿದಳು. “ನೀವು ಅಲೆಯೋ ಕಾಲಿನವರು. ಹಾಡು ನಿಂತ್ರೆ ನೀವೂ ನಿಲ್ಲಲ್ಲ. ನಂಗೊತ್ತು.”

ಗಾದ್ರಿ ಕಾಡಿಗೆ ಹೋಗಿ, ಅಲ್ಲಿ ಜೇನು ಕಿತ್ತು ಬದುಕುತ್ತಿದ್ದ ಜೇನಜ್ಜಿಯ ಕಾಲು ಹಿಡಿದ. ಅಜ್ಜಿ ಹತ್ತಿಯನ್ನು ಜೇನುಮೇಣದಲ್ಲಿ ಕಲಸಿ ಎರಡು ಉಂಡೆ ಮಾಡಿ ಕೊಟ್ಟಳು.

“ಭೇರಿಯ ತೊಗಲು ಹರಿಯೋತನಕ ಇದನ್ನ ತೆಗೀಬೇಡ, ಮಗಾ. ಕಿವಿ ಅನ್ನೋದು ಹಲ್ಲಿಯ ಬಾಲ ಅಲ್ಲ, ಹೋದಮೇಲೆ ಮತ್ತೆ ಬೆಳೆಯಾಕೆ.”

“ಅಷ್ಟೂ ತಿಳೀದ ಪೆದ್ದನಾ ನಾನು?”

“ಪೆದ್ದರು ತೆಗೆಯಲ್ಲ ಕಣೋ. ಶೂರರು ತೆಗೀತಾರೆ.”

ಕೋಟೆಯ ಮೊದಲ ಬಾಗಿಲಲ್ಲಿ ಕಲ್ಲಿನ ಸಿಂಹ ಗರ್ಜಿಸಿತು. ಬಂಡೆ ಬಿರಿಯಿತು. ಕಿವಿಯಲ್ಲಿ ಮೇಣವಿದ್ದ ಗಾದ್ರಿಗೆ ಎದೆಯಷ್ಟೇ ನಡುಗಿತು, ದಾಟಿದ. ಎರಡನೆಯ ಬಾಗಿಲಲ್ಲಿ ಕಂಚಿನ ಆನೆ ಘೀಳಿಟ್ಟಿತು. ಹಾರುತ್ತಿದ್ದ ಕಾಗೆಗಳು ಉದುರಿದವು. ಗಾದ್ರಿಗೆ ಹಲ್ಲಷ್ಟೇ ಕಟಗುಟ್ಟಿತು, ದಾಟಿದ.

ಮೂರನೆಯದು ಕೊತ್ತಲ. ಕೆಳಗೆ ಊರೆಲ್ಲ ಸೇರಿತ್ತು. ಅವನ ಕಿವಿಯ ಮೇಣ ಕಂಡಿದ್ದೇ ತಡ, ಗಂಡಸರು ಹೆಂಡಿರ ಕೈಬಳೆ ಬಿಚ್ಚಿಸಿ ಎತ್ತಿ ಹಿಡಿದರು. ಕಿವುಡಾಗಿ ಹೋದ ಮುದುಕರೂ ಹಿಡಿದರು. ಮಂತ್ರವಾದಿಯೂ ಕೋಲು ಕೆಳಗಿಟ್ಟು ಒಂದು ಬಳೆಯನ್ನು ಅವನತ್ತ ಉರುಳಿಸಿದ. ಗಾದ್ರಿಯ ಮುಖಕ್ಕೆ ರಕ್ತ ನುಗ್ಗಿತು. ಅಜ್ಜಿಯ ಮಾತು ನೆನಪಿತ್ತು. ನೆನಪಿದ್ದೇ, ಎರಡೂ ಉಂಡೆ ಕಿತ್ತು ಎಸೆದ.

ಆಗ ಮಂತ್ರವಾದಿ ಕೋಲೆತ್ತಿದ. ಗಾದ್ರಿ ಸೊಂಟದ ಚಾಕು ಕಿತ್ತು ಭೇರಿಯ ತೊಗಲಿಗೆ ಬೀಸಿದ. ಏಟು ಬಿದ್ದದ್ದು, ತೊಗಲು ಹರಿದದ್ದು, ಎರಡೂ ಒಟ್ಟಿಗೇ ಆಯಿತು. ಮಂತ್ರವಾದಿ ಬೂದಿಯಾದ. ಬುರುಡೆ ಒಡೆದು, ಕದ್ದ ಸದ್ದುಗಳೆಲ್ಲ ಹಾರಿ ಅವರವರ ಕಿವಿ ಸೇರಿದವು. ಆದರೆ ಆ ಕೊನೆಯ ಏಟು ಕಿತ್ತದ್ದು ಬುರುಡೆಗೆ ಬಂದು ಬೀಳಲೇ ಇಲ್ಲ. ಅದು ಭೇರಿಯ ಪಕ್ಕದಲ್ಲೇ ನಿಂತಿದ್ದ ಗಾದ್ರಿಯ ಕಿವಿಯ ಸದ್ದಷ್ಟೂ. ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ.

ರಾಜ್ಯ ಸುಖವಾಯಿತು. ಮುದುಕರಿಗೆ ಗುಬ್ಬಿ ಕೇಳಿಸಿತು. ಬಳೆ ಎತ್ತಿದವರೇ ಗಾದ್ರಿಯನ್ನು ಹೊತ್ತು ಕುಣಿದರು. ಅವರ ಬಾಯಿಗಳು ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚುತ್ತಿದ್ದವು.

ಮನೆಯಲ್ಲಿ ಹೊನ್ನೂರಿ ಬೀಸುತ್ತ ಹಾಡಿದಳು. ಗಾದ್ರಿ ಅವಳ ಗಂಟಲಿಗೆ ಬೆರಳಿಟ್ಟು ನೋಡಿದ. ಬೀಸುವ ಕಲ್ಲಿನ ಮೇಲೆ ಕೆನ್ನೆಯಿಟ್ಟು ನೋಡಿದ. ನಡುಕ ಸಿಕ್ಕಿತು, ಹಾಡು ಸಿಗಲಿಲ್ಲ. ಅವನ ಕಿವಿಯಲ್ಲಿ ಈಗ ಹಗಲೂ ರಾತ್ರಿ ಒಂದೇ ಜೀರುಂಡೆ.

ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಮುಖ ಮಾಡಿ ಕೂತು ಕಂಬಳಿ ಮಡಚಿದ. ಮೇಲೆ ಚಾಕು ಇಟ್ಟ, ಬುತ್ತಿ ಇಟ್ಟ. ಆ ಸೀಮೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೊನ್ನೂರಿಯೂ ಎಂದೂ ಹೇಳಿದವಳಲ್ಲ. ಆವತ್ತು ಅವನ ಬೆನ್ನ ಹಿಂದೆ ನಿಂತು, “ಗಾದ್ರೀ” ಎಂದಳು.

ಅವನು ಗಂಟಿನ ಎರಡನೆಯ ಸುತ್ತು ಬಿಗಿಯುತ್ತಿದ್ದ.