ಕೊಂಡುತಂದ ರೊಸೆಟ್

ಅವನು ಒಂದು ತುಣುಕು ಕಚ್ಚಿದ.

ಅಷ್ಟೇ... ಅಗಿಯುವುದನ್ನೇ ನಿಲ್ಲಿಸಿಬಿಟ್ಟ!

ಚರ್ಚ್ ಭವನದ ಕಾಫಿ ಕೂಟದಲ್ಲಿ ಮೇಜಿನ ಈಚೆ ಕೆಟಲ್ ಹಿಡಿದು ನಿಂತಿದ್ದ ಇಂಗ್ವಿಲ್ ತಲೆಯೆತ್ತಿ ಅವನತ್ತ ನೋಡಿದಳು. ಎತ್ತರದ ಆಳು, ಫೆರ್ರಿ ದೋಣಿ ಕೆಲಸದವರ ಕಿತ್ತಳೆ ಬಣ್ಣದ ಕೋಟು, ಉಪ್ಪುಗಾಳಿಗೆ ಒರಟಾದ ಕೂದಲು. ಆ ನೀಲಿ ಕಣ್ಣುಗಳು ಮೊದಲು ಕೈಯಲ್ಲಿದ್ದ ರೊಸೆಟ್ ಎಂಬ ಹೂವಿನಾಕಾರದ ಕರಿದ ತಿಂಡಿಯನ್ನು ನೋಡಿದವು. ಆಮೇಲೆ ಅವಳನ್ನು.

"ಇದನ್ನ... ನೀವೇ ಮಾಡಿದ್ದಾ?"

ಇನ್ನೂ ಕಾಲ ಮಿಂಚಿರಲಿಲ್ಲ. 'ಇಲ್ಲ' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲೇ ಮಹಿಳಾ ಸಂಘದ ಹಿರಿಯಜ್ಜಿ ಬೋರ್ಗ್‌ಹಿಲ್ ಕಿವಿ ಅರಳಿಸಿಕೊಂಡು ನಿಂತಿದ್ದಳು.

"ಹೌದು," ಎಂದಳು ಇಂಗ್ವಿಲ್. "ನಮ್ಮಜ್ಜಿ ಕಲಿಸಿದ್ದು."

ಅವನ ಮುಖ ಕಿವಿಯವರೆಗೂ ಕೆಂಪೇರಿತು. ಉಳಿದ ತುಂಡನ್ನು ತಟ್ಟೆಯ ಮೇಲೆ ಮೆಲ್ಲಗಿಟ್ಟ. ಬಾಗಿಲು ತೆರೆದು ಹೊರಟೇಹೋದ.

"ತಪ್ಪು ತಿಳೀಬೇಡ ಕಣೇ," ಬೋರ್ಗ್‌ಹಿಲ್ ಅವಳ ಕೈ ಒತ್ತಿದಳು. "ಅವನು ಐಲಿವ್. ಮೂವತ್ತು ವರ್ಷ ಇಲ್ಲಿಗೆ ರೊಸೆಟ್ ತಂದವಳು ಅವನ ತಾಯಿ ಗುನ್ವೋರ್. ಹೋದ ಮಾರ್ಚ್‌ನಲ್ಲಿ ತೀರ್ಕೊಂಡ್ಳು. ನಿನ್ನ ಕೈರುಚಿ ನೋಡಿ ಅಮ್ಮನ ನೆನಪಾಗಿರ್ಬೇಕು, ಪಾಪ!"

ನಿನ್ನ ಕೈರುಚಿ!

ಇಂಗ್ವಿಲ್‌ಗೆ ನಿಂತ ನೆಲ ಬಾಯಿ ಬಿಡಬಾರದೇ ಅನಿಸಿತು.

ಅವಳು ನಮ್ಮ ಟೆರ್ನೊಯ ದ್ವೀಪಕ್ಕೆ ಬಂದದ್ದು ಆಗಸ್ಟ್‌ನಲ್ಲಿ, ಹನ್ನೊಂದೇ ಮಕ್ಕಳಿರುವ ಶಾಲೆಗೆ ಟೀಚರಾಗಿ. ಮೂರು ತಿಂಗಳು ಯಾರೂ ಅವಳನ್ನು ಕಾಫಿಗೆ ಕರೆದಿರಲಿಲ್ಲ. ಕರೆಯಬಾರದೆಂದಲ್ಲ, ನಮ್ಮ ಜನಕ್ಕೆ ಹೊಸಬರ ಬಾಗಿಲು ತಟ್ಟಲು ಸಂಕೋಚ. ಕೊನೆಗೆ ನವೆಂಬರ್‌ನಲ್ಲಿ ಸಂಘದ ಸಭೆಗೆ ಕರೆ ಬಂತು. ಕ್ರಿಸ್‌ಮಸ್ ಮುಂಚಿನ ಕಾಫಿ ಕೂಟವೆಂದರೆ ಏಳು ಬಗೆ ತಿಂಡಿ ಇರಲೇಬೇಕು. ಆರಕ್ಕೆ ಆರು ಮನೆಯವರು ಕೈ ಎತ್ತಿದರು. ಏಳನೆಯದು ರೊಸೆಟ್.

ಅದಕ್ಕೆ ಯಾರ ಕೈಯೂ ಏಳಲಿಲ್ಲ.

"ಆ ಐಲಿವ್‌ನ ಮೂರು ಸಲ ಕೇಳಿದೆ," ಬೋರ್ಗ್‌ಹಿಲ್ ನಿಟ್ಟುಸಿರಿಟ್ಟಳು. "ಅಮ್ಮನ ಜೊತೇಲೇ ಹೋಯ್ತು ಆ ವಿದ್ಯೆ, ನಂಗೇನೂ ಬರಲ್ಲ ಅಂತಾನೆ."

"ನಾನು ಮಾಡ್ತೀನಿ!"

ಹಾಗೆಂದದ್ದು ತಾನೇನಾ? ಎಲ್ಲರೂ ಅವಳತ್ತ ತಿರುಗಿ ನಕ್ಕರು. ಮೂರು ತಿಂಗಳಲ್ಲಿ ಮೊದಲ ಬಾರಿ! ಆ ನಗುವಿನ ಬಿಸಿಗೆ ಅವಳು ಇನ್ನೊಂದು ಮಾತು ಸೇರಿಸಿದಳು. "ನಮ್ಮಜ್ಜಿ ಇದ್ರಲ್ಲಿ ಎತ್ತಿದ ಕೈ."

ನಿಜ ಹೇಳಬೇಕೆಂದರೆ ಅವಳ ಅಜ್ಜಿ ಜೀವನಪೂರ್ತಿ ಅಂಗಡಿಯ ಕೇಕನ್ನೇ ತಿಂದವಳು.

ಹಳೆ ಸಾಮಾನಿನಂಗಡಿಯಲ್ಲಿ ಉದ್ದ ಹಿಡಿಯ ಕಬ್ಬಿಣದ ಅಚ್ಚೊಂದು ಸಿಕ್ಕಿತು. ಮೊಟ್ಟೆ, ಹಾಲು, ಹಿಟ್ಟು, ಏಲಕ್ಕಿ ಎಲ್ಲ ಸರಿಯಾಗೇ ಕಲಸಿದಳು. ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿಗದ್ದಿ ಮತ್ತೆ ಎಣ್ಣೆಗಿಟ್ಟರೆ... ಹಿಟ್ಟು ಕಳಚಿ ತಳ ಸೇರಿತು. ಮುಂದಿನದು ಅಚ್ಚಿಗೇ ಕಚ್ಚಿಕೊಂಡಿತು, ಚಾಕುವಿನಿಂದ ಕೆರೆದು ತೆಗೆಯಬೇಕಾಯಿತು. ಇಪ್ಪತ್ತು ಮಾಡಿದಳು. ಒಂದಕ್ಕೂ ಹೂವಿನ ರೂಪವಿಲ್ಲ! ಪರದೆಗೆಲ್ಲ ಕರಿದ ವಾಸನೆ. ಸೋತು ಆಚೆ ದಡದ ಪಟ್ಟಣಕ್ಕೆ ಹೋದಾಗ ಅಂಗಡಿಯೊಂದರಲ್ಲಿ ಬಿಳಿ ಪೆಟ್ಟಿಗೆಗಳು ಕಂಡವು. ಒಳಗೆ ಗಾಜಿನಷ್ಟು ತೆಳುವಾದ, ಹೊಂಬಣ್ಣದ ರೊಸೆಟ್‌ಗಳು. ಮೇಲೆ 'ಮನೆಯಲ್ಲಿ ಮಾಡಿದ್ದು' ಎಂಬ ಚೀಟಿ.

ಚೀಟಿ ಕಿತ್ತಳು. ತನ್ನ ಡಬ್ಬಿಗೆ ತುಂಬಿದಳು.

ಈಗ ನೋಡಿದರೆ ಆ ಸುಳ್ಳಿಗೆ ಕಾಲು ಬಂದಿತ್ತು.

"ಬರೋ ಶನಿವಾರ ನಮ್ಗೆಲ್ಲ ಕಲಿಸ್ಕೊಡು!" ಎಂದಳು ಮಾಗ್ನ್‌ಹಿಲ್, ಚರ್ಚಿನ ಆರ್ಗನ್ ನುಡಿಸುವವಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಇಂಗ್ವಿಲ್ ತಲೆಯಾಡಿಸಿದಳು. ಬೇರೇನು ಮಾಡಿಯಾಳು?

ಗುರುವಾರ ಶಾಲೆ ಬಿಟ್ಟೊಡನೆ ಅವಳು ಫೆರ್ರಿ ಹತ್ತಿದಳು. ಆ ಅಂಗಡಿಯವರಿಂದಲೇ ಗುಟ್ಟು ಕೇಳಿ ಕಲಿಯುವುದೆಂದು ಯೋಚನೆ. ದೋಣಿಯಂಚಿನ ಕಂಬಿಯ ಬಳಿ ನಿಂತಿದ್ದಾಗ ಹಿಂದಿನಿಂದ ಹೆಜ್ಜೆ ಸದ್ದು.

ಐಲಿವ್!

"ಒಂದು ಕೇಳ್ಲಾ?" ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಆ ರೊಸೆಟ್‌ಗಳನ್ನ ಅಲ್ಲಿ ತಂದಿಟ್ಟಿದ್ದು ಯಾಕೆ? ನನ್ನ ಮುಖ ಹೇಗಾಗುತ್ತೆ ಅಂತ ನೋಡೋಕಾ?"

ಅವಳ ಮೈಯ ರಕ್ತವೆಲ್ಲ ಮುಖಕ್ಕೇರಿತು. 'ಇವನಿಗೆ ಗೊತ್ತು! ಕೊಂಡುತಂದದ್ದು ಅಂತ ಗೊತ್ತು!'

"ಗೊತ್ತಿದ್ರೆ ಎಲ್ಲರ ಮುಂದೇನೇ ಹೇಳಿ!" ಅವಳು ಸಿಡಿದಳು. "ಹೀಗೆ ಒಬ್ಳೇ ಇದ್ದಾಗ ಬಂದು ಚುಚ್ಚೋದ್ಯಾಕೆ?"

"ನಾನು ಹೇಳೋದಾ?" ಅವನು ಬೆಚ್ಚಿದ. "ಬೇಡ... ನಾನು ಯಾರಿಗೂ ಹೇಳಲ್ಲ. ದಯವಿಟ್ಟು ನೀವೂ ಹೇಳ್ಬೇಡಿ."

ಅಷ್ಟು ಹೇಳಿ, ದೋಣಿ ಕಟ್ಟುವ ಹಗ್ಗದ ಕಡೆ ನಡೆದುಬಿಟ್ಟ.

ಎಂಥ ತಾತ್ಸಾರ! ಅವಳ ಕಣ್ಣು ಉರಿಯಿತು. ಅವನ ಎದೆಯಲ್ಲಿದ್ದದ್ದು ತಾತ್ಸಾರವಲ್ಲ, ಭಯ ಎಂದು ಅವಳಿಗೆ ಹೇಗೆ ತಿಳಿಯಬೇಕು?

ಅಂಗಡಿಯಲ್ಲಿ ಬಿಳಿ ಪೆಟ್ಟಿಗೆಗಳಿದ್ದ ಜಾಗ ಖಾಲಿಯಿತ್ತು.

"ಈ ವಾರ ಬಂದಿಲ್ಲ," ಎಂದಳು ಗಲ್ಲಾಪೆಟ್ಟಿಗೆಯ ಹಿಂದಿನ ಹೆಂಗಸು. "ಮಾಡೋನಿಗೆ ಮನಸ್ಸಿಲ್ವಂತೆ."

"ಮಾಡೋನು? ಗಂಡಸಾ?"

"ಮತ್ತೆ? ನಿಮ್ಮ ಫೆರ್ರಿಯ ಐಲಿವೇ! ಅಯ್ಯೋ..." ಅವಳು ಬಾಯಿ ಮುಚ್ಚಿಕೊಂಡಳು. "ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದ. ನೀವು ಕೇಳೇ ಇಲ್ಲ, ಆಯ್ತಾ?"

ಇಂಗ್ವಿಲ್ ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದಳು.

ಅವನೇ ಕರಿದ ರೊಸೆಟ್ ಅವನ ಬಾಯಲ್ಲಿದ್ದಾಗ... 'ನಮ್ಮಜ್ಜಿ ಕಲಿಸಿದ್ದು' ಅಂದೆನಲ್ಲ! ತಾಯಿ ಸತ್ತು ವರ್ಷವೂ ತುಂಬದ ಮಗನ ಎದುರು!

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಚರ್ಚ್ ಭವನದ ಅಡುಗೆಮನೆಯಲ್ಲಿ ಎಂಟು ಹೆಂಗಸರು ಏಪ್ರನ್ ಕಟ್ಟಿ ಕಾಯುತ್ತಿದ್ದರು. ಕಿಟಕಿಯಲ್ಲಿ ಕಾಗದದ ನಕ್ಷತ್ರ, ಒಲೆಯ ಮೇಲೆ ಎಣ್ಣೆ. ಇಂಗ್ವಿಲ್ ಕೋಟೂ ಬಿಚ್ಚಲಿಲ್ಲ.

"ನಂಗೆ ರೊಸೆಟ್ ಮಾಡೋಕೆ ಬರಲ್ಲ."

ಯಾರಿಗೂ ಅರ್ಥವಾಗಲಿಲ್ಲ.

"ನಮ್ಮಜ್ಜಿಗೂ ಬರ್ತಿರ್ಲಿಲ್ಲ. ಅವತ್ತಿನದು ಅಂಗಡಿಯಿಂದ ತಂದಿದ್ದು. ಸುಳ್ಳು ಹೇಳ್ದೆ."

ಮಾಗ್ನ್‌ಹಿಲ್‌ಳ ತುಟಿ ಬಿಗಿಯಿತು. "ನಿನ್ನಜ್ಜಿ ವಿಷಯ ಪಾದ್ರಿಗಳ ಹತ್ರಾನೂ ಹೊಗಳಿದ್ನಲ್ಲೇ ನಾನು!"

"ಗುನ್ವೋರ್ ಜಾಗದಲ್ಲಿ..." ಬೋರ್ಗ್‌ಹಿಲ್‌ಳ ದನಿ ತಗ್ಗಿತು. "ಗುನ್ವೋರ್ ತಟ್ಟೆ ಇಡ್ತಿದ್ದ ಜಾಗದಲ್ಲಿ ಕೊಂಡುತಂದಿದ್ದನ್ನ ಇಟ್ಟೆಯಾ?"

ಬೈದಿದ್ದರೂ ಚೆನ್ನಾಗಿತ್ತು. ಆ ತಗ್ಗಿದ ದನಿ ಅವಳನ್ನು ಸುಟ್ಟಿತು.

"ಆದ್ರೆ ರುಚಿ ಥೇಟ್ ಅವಳದೇ ಇತ್ತಲ್ಲ! ಯಾರು ಮಾಡಿದ್ದು ಅದನ್ನ?"

"ಅದನ್ನ ಹೇಳಲ್ಲ ಬೋರ್ಗ್‌ಹಿಲ್. ತಪ್ಪು ನನ್ನೊಬ್ಬಳದು." ಅವಳು ಬಾಗಿಲತ್ತ ತಿರುಗಿದಳು... ಅಲ್ಲೇ ನಿಂತುಬಿಟ್ಟಳು.

ಹೊಸ್ತಿಲಲ್ಲಿ ಐಲಿವ್! ತರಗತಿಗೆಂದು ತಾಯಿಯ ಅಚ್ಚನ್ನು ತಂದುಕೊಡಲು ಬೋರ್ಗ್‌ಹಿಲ್ಲೇ ಅವನಿಗೆ ಹೇಳಿಕಳಿಸಿದ್ದಳು. ಬಟ್ಟೆಯಲ್ಲಿ ಸುತ್ತಿದ ಅಚ್ಚು ಅವನ ಎದೆಗೊರಗಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ನಾನು," ಎಂದ. ಒಂದು ಹೆಜ್ಜೆ ಒಳಗಿಟ್ಟು ಮತ್ತೆ ಹೇಳಿದ. "ಮಾಡಿದ್ದು ನಾನು."

"ಏನಂದೆ?"

"ಅಮ್ಮನ ಕೈ ನಡುಗೋಕೆ ಶುರುವಾದ್ಮೇಲೆ ನಾನೇ ಕರೀತಿದ್ದೆ. ಹೋದ ಎರಡು ಕ್ರಿಸ್‌ಮಸ್‌ಗೂ ನೀವು ತಿಂದಿದ್ದು ನನ್ನ ಕೈಯದ್ದೇ." ಅವನು ನೆಲ ನೋಡುತ್ತಿದ್ದ. "ಅಮ್ಮ ಹೇಳ್ಬೇಕು ಅಂತಿದ್ಳು. ನಾನೇ ಬಿಡ್ಲಿಲ್ಲ. ಫೆರ್ರಿಯವರು ನಗ್ತಾರೆ ಅಂತ. ನೀವು ಮನೆಗೆ ಬಂದ್ರೆ ಏಪ್ರನ್ ಬಿಚ್ಚಿ ಒಳಗೆ ಓಡ್ತಿದ್ದೆ... ನನಗೋಸ್ಕರ ಅಮ್ಮ ನಿಮ್ಮ ಹತ್ರ ಸುಳ್ಳು ಹೇಳಿಯೇ ಹೋದ್ಳು."

ಎಣ್ಣೆ ಸಣ್ಣಗೆ ಸದ್ದು ಮಾಡತೊಡಗಿತು.

ಬೋರ್ಗ್‌ಹಿಲ್ ಅವನ ಬಳಿ ನಡೆದು ಭುಜಕ್ಕೊಂದು ಗುದ್ದಿದಳು. ಅವಳ ಕಣ್ಣು ತುಂಬಿತ್ತು. "ಮೂರು ಸಲ ಮಂಜಲ್ಲಿ ಜಾರ್ಕೊಂಡು ನಿನ್ನ ಬಾಗಿಲಿಗೆ ಬಂದೆ ಕಳ್ಳ! ಮಾಡ್ದೇ ಇರೋದನ್ನ ಮಾಡ್ದೆ ಅನ್ನೋಳು ಇವ್ಳು, ಮಾಡಿದ್ದನ್ನ ಮಾಡಿಲ್ಲ ಅನ್ನೋನು ನೀನು... ಎಣ್ಣೆ ಕಾದಿದೆ. ಇಬ್ರೂ ಬಂದು ಒಲೆ ಮುಂದೆ ನಿಲ್ಲಿ!"

ಯಾರೋ ಕಿಸಕ್ಕೆಂದರು. ಎಲ್ಲರೂ ನಗಲಿಲ್ಲ. ಮಾಗ್ನ್‌ಹಿಲ್ ಎರಡು ವಾರ ಇಂಗ್ವಿಲ್‌ಳ ಜೊತೆ ಮಾತಾಡಲಿಲ್ಲ. ಅಂಗಡಿಯಲ್ಲಿ ಎದುರಾದರೆ ಮೀನಿನ ಡಬ್ಬಿಯ ಚೀಟಿ ಓದುವಂತೆ ನಟಿಸುತ್ತಿದ್ದಳು. ಪ್ರತಿ ಬಾರಿಯೂ ಇಂಗ್ವಿಲ್‌ಗೆ ಮತ್ತೆ ಅಷ್ಟೇ ನಾಚಿಕೆ.

ಆದರೆ ಆ ಶನಿವಾರ ಸಂಜೆಯೇ ಫೆರ್ರಿ ದಡದಲ್ಲಿ ಐಲಿವ್ ಅವಳ ಬಳಿ ಬಂದಿದ್ದ.

"ನೀವು ನನ್ನ ಹೆಸರು ಹೇಳ್ಬಹುದಿತ್ತು. ಹೇಳ್ಲಿಲ್ಲ." ಕೋಟಿನ ಗುಂಡಿ ತಿರುಗಿಸುತ್ತ, "ಭಾನುವಾರ ಮಧ್ಯಾಹ್ನ ಬಿಡುವಿರುತ್ತೆ. ಕಲೀತೀರಾ?"

ಪ್ರತಿ ಭಾನುವಾರ ಬಂದ. ಅವಳ ಪುಟ್ಟ ಅಡುಗೆಮನೆಯಲ್ಲಿ ಪಕ್ಕ ನಿಂತು ಹೇಳಿಕೊಟ್ಟ.

"ಅಚ್ಚು ಚೆನ್ನಾಗಿ ಕಾಯ್ಲಿ. ಹಿಟ್ಟು ಅಚ್ಚಿನ ಮೇಲಂಚು ದಾಟಬಾರ್ದು, ದಾಟಿದ್ರೆ ಅಪ್ಕೊಂಡು ಬಿಡೋದೇ ಇಲ್ಲ. ಅವಸರ ಮಾಡ್ಬೇಡಿ. ಹದ ಬಂದಾಗ ತಾನೇ ಬಿಡುತ್ತೆ."

ಅವನ ಅಂಗೈ ಅವಳ ಮಣಿಕಟ್ಟಿನ ಕೆಳಗೆ ಬಂದಾಗ ಅವಳು ಅಚ್ಚನ್ನೇ ಮರೆಯುತ್ತಿದ್ದಳು. ಆದರೆ ತಟ್ಟನೆ ಅವನೇ ಕೈ ತೆಗೆಯುತ್ತಿದ್ದ.

ಯಾಕೆಂದು ಅವಳಿಗೆ ಗೊತ್ತಿತ್ತು. ಎಲ್ಲರೆದುರು ಒಪ್ಪಿಕೊಂಡ ಆ ದಿನವೂ ಅವಳು ಬಾಯಿಬಿಡದ ಇನ್ನೊಂದು ಸುಳ್ಳು ಉಳಿದಿತ್ತು. 'ಗಂಡ ಸಮುದ್ರದ ಎಣ್ಣೆಬಾವಿಯಲ್ಲಿ ಕೆಲಸ ಮಾಡ್ತಾನೆ, ಕ್ರಿಸ್‌ಮಸ್‌ಗೆ ಬರ್ತಾನೆ' ಎಂದು ದ್ವೀಪಕ್ಕೆಲ್ಲ ಹೇಳಿದ್ದಳು. ರೊಸೆಟ್ ಕೊಂಡುತಂದೆ ಎನ್ನಬಹುದು... 'ನನ್ನನ್ನು ಬೇಡವೆಂದು ಗಂಡ ಬಿಟ್ಟುಹೋದ' ಎನ್ನುವುದು ಹೇಗೆ?

ಕ್ರಿಸ್‌ಮಸ್‌ಗೆ ಮುಂಚಿನ ಕೊನೆಯ ಭಾನುವಾರ, ಐಲಿವ್ ಕೋಟು ತೊಟ್ಟುಕೊಂಡು ಹೊಸ್ತಿಲಲ್ಲಿ ನಿಂತ.

"ನಾಳಿದ್ದು ನಿಮ್ಮ ಯಜಮಾನ್ರು ಬರ್ತಾರಲ್ಲ. ಇನ್ನು ನಾನು ಬರಲ್ಲ." ಅವನು ಅವಳತ್ತ ನೋಡಲಿಲ್ಲ. "ನಿಜ ಹೇಳ್ತೀನಿ, ಮದುವೆಯಾದವರ ಮನೆಗೆ ವಾರವೆಲ್ಲ ಎದುರು ನೋಡ್ಕೊಂಡು ಬರ್ತೀನಲ್ಲ ಅಂತ... ನಂಗೇ ನನ್ನ ಮೇಲೆ ನಾಚಿಕೆ."

"ಯಾರೂ ಬರಲ್ಲ!"

ಅವಳು ಬಾಗಿಲಿಗೆ ಬೆನ್ನು ಮಾಡಿದಳು.

"ಮೇ ತಿಂಗಳಲ್ಲೇ ಬಿಟ್ಟುಹೋದ. ನನ್ನ ಗೆಳತಿ ಜೊತೆ. ನಮ್ಮೂರು ಬರ್ಗೆನ್‌ನಲ್ಲಿ ಎಲ್ಲರಿಗೂ ಗೊತ್ತು, ಅದಕ್ಕೇ ಇಲ್ಲಿಗೆ ಓಡಿಬಂದೆ. ಇಲ್ಲೂ ಯಾರಾದ್ರೂ 'ಅಯ್ಯೋ ಪಾಪ' ಅಂತಾರೆ ಅಂತ... ಸುಳ್ಳು ಹೇಳ್ದೆ ಐಲಿವ್. ನಂಗೆ ಬರೋದು ಅದೊಂದೇ ವಿದ್ಯೆ!"

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬಾಗಿಲು ಹಾಕಿದ ಸದ್ದು ಕೇಳಿತು. 'ಹೋದ... ಇವನೂ ಹೋದ.'

ಆದರೆ ತಣ್ಣಗಿನ ಬೆರಳುಗಳು ಅವಳ ಕೈಗಳನ್ನು ಮುಖದಿಂದ ಒಂದೊಂದಾಗಿ ಬಿಡಿಸಿದವು. ಬಾಗಿಲನ್ನು ಅವನು ಒಳಗಿನಿಂದ ಹಾಕಿದ್ದ!

"ಬಿಟ್ಟುಹೋದವನು ಪಡ್ಬೇಕಾದ ನಾಚಿಕೆನ ನೀನ್ಯಾಕೆ ಹೊತ್ಕೊಂಡು ತಿರುಗ್ತಿದ್ದೀಯ ಇಂಗ್ವಿಲ್?"

ನೀನು ಎಂದ! ಮೊದಲ ಸಲ.

ಅವಳು ಅವನ ಕೋಟಿಗೆ ಹಣೆ ಒತ್ತಿ ಅತ್ತಳು, ಮೇ ತಿಂಗಳಿಂದ ಕಟ್ಟಿಟ್ಟದ್ದೆಲ್ಲ ಕರಗುವವರೆಗೆ. ಅವನು ಸುಮ್ಮನೆ ಅವಳ ಬೆನ್ನು ಸವರುತ್ತಿದ್ದ.

"ಇನ್ನೇನಾದ್ರೂ ಸುಳ್ಳು ಉಳಿದಿದ್ಯಾ?" ಕೊನೆಗೆ ಮೆಲ್ಲಗೆ ಕೇಳಿದ.

"ಒಂದೇ ಒಂದು..."

"ಏನು?"

"ಹೋದ ಭಾನುವಾರಾನೇ ನಂಗೆ ಸರಿಯಾಗಿ ಮಾಡೋಕೆ ಬಂದಿತ್ತು." ಅವಳು ತಲೆ ಎತ್ತಲಿಲ್ಲ. "ಕಲಿತ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ... ಇವತ್ತು ಬೇಕಂತಲೇ ಹಿಟ್ಟಲ್ಲಿ ಅಚ್ಚನ್ನ ಪೂರ್ತಿ ಮುಳುಗಿಸ್ತಿದ್ದೆ."

ಅವನ ಎದೆಯೊಳಗೆ ನಗು ಗುಡುಗಿದ್ದು ಅವಳ ಕಿವಿಗೆ ತಾಗಿತು.

"ಗೊತ್ತಿತ್ತು."

"ಗೊತ್ತಿತ್ತಾ?! ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ," ಅವನು ಅವಳ ಹಣೆಯ ಕೂದಲು ಸರಿಸಿದ, "ನಿನ್ನ ಪಕ್ಕ ನಿಲ್ಲೋಕೆ ನಂಗೆ ಬೇರೆ ನೆಪಾನೇ ಇರ್ಲಿಲ್ವಲ್ಲ."

"ಈಗ?"

"ಈಗ ನೆಪ ಬೇಡ... ನೀನು ಬಾ ಅಂದ್ರೆ ಸಾಕು."

"ಬಾ," ಎಂದಳು ಇಂಗ್ವಿಲ್.