ಡ್ರಾಯರಿನಲ್ಲಿದ್ದ ಇಪ್ಪತ್ತಾರು ತೆನೆ

"ನನ್ನ ಪಪ್ಪನ ಆಲ್ತಾರ್ ನಿಮ್ಮ ಹತ್ರ ಉಂಟಂತೆ."

ಬಾಗಿಲು ತೆರೆದ ಫ್ಲಾವಿಯಾಳ ಕೈಯಲ್ಲಿ ಸ್ಯಾಂಡ್‌ಪೇಪರ್. ರೆಪ್ಪೆಯ ಮೇಲೆ ಬಿಳಿ ಧೂಳು. ಬೆನ್ನ ಹಿಂದೆ ಹಳೇ ಪೇಪರ್ ಹಾಸಿನ ಮೇಲೆ ಅರ್ಧ ಬಿಳಿ, ಅರ್ಧ ಕಂದು ಬಣ್ಣದ ಪುಟ್ಟ ದೇವರ ಪೀಠ. ಗಾಜಿನ ಬಾಗಿಲು, ಕೆಳಗೊಂದು ಡ್ರಾಯರ್. ಅದೇ ಆಲ್ತಾರ್.

ಎದುರಿಗೆ ನಿಂತವನ ಕಣ್ಣು ಎಷ್ಟು ಕೆಂಪಾಗಿತ್ತೆಂದರೆ, ಬಹ್ರೇನಿನ ಅರಾದ್‌ನ ಮೇಲೆ ಇಳಿಯುತ್ತಿದ್ದ ವಿಮಾನ ಸಿಗ್ನಲ್ ಎಂದುಕೊಂಡು ಇನ್ನೊಂದು ಸುತ್ತು ಹೊಡೆದು ಬಂದಿತು. ನಂಬದವರು ಪೈಲಟನ್ನೇ ಕೇಳಬಹುದು.

"ಸನದ್‌ನ ಒಂದು ಫ್ಲ್ಯಾಟಿಂದ ತಂದದ್ದು," ಅವಳು ತಡವರಿಸಿದಳು. "ಆಂಟಿ ಒಬ್ರು ಮಾರಿದ್ರು."

"ಕ್ಲೊಟಿಲ್ಡಾ ಆಂಟಿ. ಪಪ್ಪನ ತಂಗಿ, ಸನದಲ್ಲೇ ಇರುವುದು. ನಾನು ಕಾರ್ಗೋದಲ್ಲಿ ಡ್ಯೂಟಿಯಲ್ಲಿದ್ದೆ, ಬರುವಾಗ ಪಪ್ಪನ ಮನೆ ಖಾಲಿ." ಅವನು ಒಳಗೆ ಇಣುಕಿದ. ಬಿಳಿ ಬಣ್ಣ ಕಂಡ. ಕಣ್ಣು ಮುಚ್ಚಿ ತೆರೆದ. "ಪೈಂಟ್ ಹೊಡೆದದ್ದು ಹೊಡೆದಾಯ್ತು. ಡ್ರಾಯರಲ್ಲಿ ಒಣಗಿದ ತೆನೆ ಇತ್ತಲ್ಲ? ಅದೊಂದು ಕೊಟ್ಟುಬಿಡಿ. ಸಾಕು."

ಅಯ್ಯೋ ದೇವರೇ... ತೆನೆ.

ಫ್ಲಾವಿಯಾ ಹುಟ್ಟಿದ್ದೇ ಬಹ್ರೇನಿನಲ್ಲಿ. ರಿಫಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಶುಕ್ರವಾರ ಬಂತೆಂದರೆ, ಊರು ಬಿಟ್ಟು ಹೋಗುವವರು ಮಾರಿದ ಹಳೇ ಕನ್ನಡಿ, ಗಡಿಯಾರ, ಗೋಡೆಯ ಕಪಾಟುಗಳಿಗೆಲ್ಲ ಅವಳು ಬಣ್ಣ ಹೊಡೆದು ಹಳ್ಳಿಮನೆಯ ಕಳೆ ಕೊಡುತ್ತಿದ್ದಳು. ದ್ವೀಪದಲ್ಲಿ ಅವಳ ಬ್ರಶ್ಶಿಗೆ ಸಿಗದ ಮರದ ತುಂಡೇ ಉಳಿದಿರಲಿಲ್ಲ. ಇನ್ನೊಂದು ವರ್ಷ ಬಿಟ್ಟಿದ್ದರೆ ಸಮುದ್ರಕ್ಕೂ ಎರಡು ಕೋಟ್ ಹೊಡೆದುಬಿಡುತ್ತಿದ್ದಳು.

ಅಂಥ ಗಟ್ಟಿಗಿತ್ತಿ ಈಗ ಸ್ಯಾಂಡ್‌ಪೇಪರನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದಳು.

"ಪ್ರತಿ ವರ್ಷ ತೆನೆ ಹಬ್ಬಕ್ಕೆ ಊರಿಂದ ವಿಮಾನದಲ್ಲಿ ತೆನೆ ಬರ್ತದಲ್ಲ," ಅವನೇ ಹೇಳುತ್ತಿದ್ದ. "ಇಗರ್ಜಿಯಲ್ಲಿ ಆಶೀರ್ವಾದ ಮಾಡಿ ಕೊಟ್ಟದ್ದನ್ನು ಪಪ್ಪ ಆಲ್ತಾರಿಗೆ ಕಟ್ಟುವುದು. ಹಬ್ಬ ಕಳೆದ ಮೇಲೆ ಬಿಚ್ಚಿ ಡ್ರಾಯರಿಗೆ. ಇಪ್ಪತ್ತಾರು ವರ್ಷ ಬಹ್ರೇನಲ್ಲಿದ್ರು, ಇಪ್ಪತ್ತಾರು ತೆನೆ. ನವೆಂಬರಲ್ಲಿ ತೀರಿಹೋದ್ರು. ಅವರ ಕೈ ಮುಟ್ಟಿದ್ದು ಅಂತ ನನಗೆ ಇರುವುದು ಅದೊಂದೇ."

"ಡ್ರಾಯರ್ ಖಾಲಿ ಇತ್ತು."

ಮಾತು ಬಾಯಿಂದ ಜಾರಿಯೇ ಹೋಯಿತು. ಹಿಡಿಯಲು ಕೈ ಚಾಚುವಷ್ಟರಲ್ಲಿ ಬಾಗಿಲು ದಾಟಿತ್ತು.

ನಡೆದದ್ದು ಹೀಗೆ. ಹಿಂದಿನ ದಿನ ಡ್ರಾಯರ್ ಎಳೆದಾಗ ಒಣ ತೆನೆಯ ಕಟ್ಟು ಸಿಕ್ಕಿತ್ತು. ಆಶೀರ್ವಾದದ ವಸ್ತುವನ್ನು ಕಸದ ಡಬ್ಬಿಗೆ ಹಾಕಬಾರದು, ಸುಡಬೇಕು ಇಲ್ಲವೇ ಮಣ್ಣಿಗೆ ಸೇರಿಸಬೇಕು ಎಂದು ಅಮ್ಮ ಕಲಿಸಿದ್ದಳು. ಆದ್ದರಿಂದ ಫ್ಲಾವಿಯಾ ಮಹಾ ಭಕ್ತಿಯಿಂದ, ಒಂದು ಪ್ರಾರ್ಥನೆಯನ್ನೂ ಹೇಳಿ, ಇಪ್ಪತ್ತಾರನ್ನೂ ಕೈಯಲ್ಲೇ ಮುರಿದು ಉದುರಿಸಿ ಅಡುಗೆಮನೆಯ ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಹೂತುಬಿಟ್ಟಿದ್ದಳು.

ಹೇಳಬಹುದಿತ್ತು. ಆದರೆ ಆ ಮುಖ ನೋಡಿಕೊಂಡು ಹೇಗೆ ಹೇಳುವುದು...

ಅವನು ಒಳಗೆ ಬಂದು ಖಾಲಿ ಡ್ರಾಯರನ್ನು ಎಳೆದು ನೋಡಿದ. ಕೊನೆಗೆ, "ಹೀಗೆ ಅರ್ಧ ಬಿಳಿಯಲ್ಲಿ ಕೊಂಡುಹೋದ್ರೆ ಸಂತ ಅಂತೋಣಿಯವರೇ ನಗಾಡ್ತಾರೆ. ಮುಗಿಸಿ ಕೊಡಿ. ನನ್ನ ಹೆಸರು ಮರ್ವಿನ್," ಎಂದ.

ಮುಂದಿನ ಶುಕ್ರವಾರ ಅವನು ಬಂದ. ಅದರ ಮುಂದಿನದ್ದಕ್ಕೂ ಬಂದ, ಚಿಕನ್ ಸುಕ್ಕದ ಡಬ್ಬಿ ಹಿಡಿದುಕೊಂಡು.

ಅವಳು ಅಂಚಿಗೆ ಮೇಣದ ಬತ್ತಿ ಉಜ್ಜಿ, ಮೇಲೆ ಬಿಳಿ ಬಳಿದು, ಒಣಗಿದ ಮೇಲೆ ತಿಕ್ಕಿ ಒಳಗಿನ ಮರ ಇಣುಕುವಂತೆ ಮಾಡುವುದನ್ನು ಅವನು ಬೆರಗಾಗಿ ನೋಡಿದ.

"ಹಳೇದಕ್ಕೆ ಪೈಂಟ್ ಹೊಡೆದು ಹೊಸತು ಮಾಡುವುದು. ಆಮೇಲೆ ತಿಕ್ಕಿ ತಿಕ್ಕಿ ಮತ್ತೆ ಹಳೇದು ಮಾಡುವುದು. ಇದಕ್ಕೆ ಎಂತ ಹೇಳ್ತಾರೆ?"

"ಸ್ಟೈಲ್ ಅಂತ ಹೇಳ್ತಾರೆ."

"ನಮ್ಮ ಶಿರ್ವದಲ್ಲಿ ಪೈಂಟರ್ ಕುಡಿದು ಬಂದಿದ್ದಾನೆ ಅಂತ ಹೇಳ್ತಾರೆ."

ಅವಳು ನಕ್ಕಳು. ನಗುವಾಗಲೂ ಬಾಲ್ಕನಿಯ ಬಾಗಿಲ ಕಡೆಗೇ ಕಣ್ಣು.

ಬ್ರಶ್ ತೊಳೆಯಲು ಅವನು ಆ ಕಡೆ ಹೆಜ್ಜೆ ಇಟ್ಟರೆ ಸಾಕು, ಅವಳು ಅಡ್ಡ ಬಂದು ನಿಲ್ಲುತ್ತಿದ್ದಳು. "ಅಲ್ಲಿ ಬೇಡ. ಇಲ್ಲೇ ಇಡಿ, ನಾನು ತೊಳೀತೇನೆ."

"ಅಲ್ಲಿ ಯಾರನ್ನಾದ್ರೂ ಅಡಗಿಸಿಟ್ಟಿದ್ದೀರಾ?"

"ಹೌದು. ಪೈಂಟರನ್ನು."

ಮೂರನೆಯ ಶುಕ್ರವಾರ ಅವನು ಸ್ಯಾಂಡ್‌ಪೇಪರ್ ಕೆಳಗಿಟ್ಟು ಹೇಳಿದ: "ಆಂಟಿ ಹತ್ರ ನಾನು ಮಾತು ಬಿಟ್ಟಿದ್ದೇನೆ."

"ಎಂತಕ್ಕೆ?"

"ನಿಮ್ಮ ಕೈಗೆ ಬರುವಾಗಲೇ ಡ್ರಾಯರ್ ಖಾಲಿ ಅಂದ್ರೆ ಅವರೇ ಬಿಸಾಡಿರಬೇಕಲ್ಲ. ನಾನು ಮುಟ್ಟಲೇ ಇಲ್ಲ ಮಗಾ ಅಂತ ಫೋನಲ್ಲಿ ಅಳ್ತಾರೆ. ಬಿಸಾಡಿದ್ರೆ ಬಿಸಾಡಿದೆ ಅಂತ ಹೇಳ್ಲಿ. ಸುಳ್ಳು ಹೇಳುವವರನ್ನು ಮಾತ್ರ ನನ್ನಿಂದ ಸಹಿಸ್ಲಿಕ್ಕೆ ಆಗುವುದಿಲ್ಲ, ಫ್ಲಾವಿಯಾ."

ಅವನು ಮೊದಲ ಬಾರಿಗೆ ಅವಳ ಹೆಸರು ಹಿಡಿದು ಕರೆದಿದ್ದ. ಅದೂ ಈ ವಾಕ್ಯದ ಕೊನೆಯಲ್ಲಿ.

ಆ ವಾರ ಅವಳು ಉಂಡದ್ದು ಮೂರು ತುತ್ತು. ಅವಳ ನಡುಕಕ್ಕೆ ಕೆಳಗಿನ ಮನೆಯ ಸೀಲಿಂಗ್ ಫ್ಯಾನು ಸ್ವಿಚ್ ಹಾಕದೆಯೇ ತಿರುಗುತ್ತಿತ್ತು. ಆ ಮನೆಯ ನಝೀಲಾ ಮೆಟ್ಟಿಲು ಹತ್ತಿ ಬಂದು, ಎಲ್ಲವನ್ನೂ ಕೇಳಿ, ಸೊಂಟಕ್ಕೆ ಕೈಯಿಟ್ಟಳು.

"ಹೇಳಿಬಿಡು."

"ಹೇಳಿದ್ರೆ ಅವರು ಮತ್ತೆ ಬರುವುದಿಲ್ಲ, ನಝೀಲಾ."

"ಹೇಳದಿದ್ರೆ ಆ ಹೆಂಗಸು ಅಳುವುದು ನಿಲ್ಲುವುದಿಲ್ಲ. ನಿನಗೆ ಅಷ್ಟು ಹೆದರಿಕೆಯಾದ್ರೆ ನಾನು ಹೇಳ್ತೇನೆ, ನಂಬರ್ ಕೊಡು."

"ಬೇಡ. ನಾನೇ..."

ನಾಲ್ಕನೆಯ ಶುಕ್ರವಾರ. ಆಲ್ತಾರ್ ಮುಗಿದಿತ್ತು. ಬಿಳಿಯ ಅಂಚಿನಲ್ಲಿ ಹಳೆಯ ಕಂದು ಮರ ಅಲ್ಲಲ್ಲಿ ಇಣುಕುತ್ತಿತ್ತು. ಅಷ್ಟು ಚೆಂದದ ಆಲ್ತಾರ್ ರೋಮಿನಲ್ಲೂ ಇಲ್ಲ, ಇದ್ದರೆ ಅಡಗಿಸಿಟ್ಟಿರಬೇಕು.

ಮರ್ವಿನ್ ಅದರ ಮೇಲೆ ಬೆರಳಾಡಿಸಿದ.

"ನಾನಿರುವುದು ನಾಲ್ಕು ಜನರ ರೂಮಲ್ಲಿ. ಇದನ್ನು ಅಲ್ಲಿಗೆ ಕೊಂಡುಹೋಗುವ ಮನಸ್ಸಿಲ್ಲ. ಒಂದು ಮನೆ ಮಾಡ್ಬೇಕು ಅಂತ ಉಂಟು. ನೀವು... ನೀನು ಒಪ್ಪುವುದಾದ್ರೆ."

ನಾಲ್ಕು ವಾರದಿಂದ ಅವಳು ಕಾದದ್ದು ಈ ಮಾತಿಗೇ. ನಾಲ್ಕು ವಾರದಿಂದ ಹೆದರಿದ್ದೂ ಇದಕ್ಕೇ. 'ಹೌದು' ಎಂದುಬಿಟ್ಟರೆ? ಕುಂಡ ಬಾಯಿ ಬಿಡುವುದಿಲ್ಲ. ಆದರೆ ಎಲ್ಲೋ ಒಂದು ಫೋನಿನ ಆಚೆ ಕ್ಲೊಟಿಲ್ಡಾ ಆಂಟಿ ಅಳುತ್ತಿದ್ದಾರೆ...

"ಡ್ರಾಯರ್ ಖಾಲಿ ಇರಲಿಲ್ಲ."

ಅವನ ಬೆರಳು ನಿಂತಿತು.

"ಕಸಕ್ಕೆ ಹಾಕಬಾರದು ಅಂತ ಮಣ್ಣಲ್ಲಿ ಹೂತೆ. ಮುರಿದು ಉದುರಿಸಿ. ನೀವು ಕೇಳುವಾಗ ಹೆದರಿ ಸುಳ್ಳು ಹೇಳಿದೆ. ಆಂಟಿ ಎಂತದೂ ಮಾಡ್ಲಿಲ್ಲ. ಮಾಡಿದ್ದು ನಾನು."

ಮರ್ವಿನ್ ಆಲ್ತಾರಿನಿಂದ ಕೈ ತೆಗೆದ.

"ಎಲ್ಲಿ?"

ಅವಳು ಬಾಲ್ಕನಿಯ ಬಾಗಿಲು ತೆರೆದಳು. "ಈಗ ಅಲ್ಲಿ ಏನೂ ಇಲ್ಲ. ಹುಲ್ಲು ಬಂದಿದೆ ಅಷ್ಟೇ. ಮೊನ್ನೆ ಎರಡು ಕಿತ್ತೂ ಹಾಕಿದೆ."

ಮರ್ವಿನ್ ಕುಂಡದ ಮುಂದೆ ಮೊಣಕಾಲೂರಿ ಕುಳಿತ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗತೊಡಗಿತು. ಅಳುತ್ತಿದ್ದಾನೆ... ಇನ್ನು ಎದ್ದು ಹೋಗುತ್ತಾನೆ... ಮತ್ತೆ ಬರುವುದಿಲ್ಲ.

"ಫ್ಲಾವಿಯಾ," ಅವನು ತಿರುಗದೆಯೇ ಕೇಳಿದ. "ನೀನು ಗದ್ದೆ ನೋಡಿದ್ದೀಯಾ?"

"ನೋಡಿದ್ದೇನೆ. ವಿಮಾನದಿಂದ."

"ಇದು ಹುಲ್ಲಲ್ಲ ಮಾರಾಯ್ತಿ. ನೇಜಿ. ಭತ್ತದ ಸಸಿ." ಅವನು ಒಂದು ಎಳೆಯನ್ನು ಬೆರಳಿನಿಂದ ಮುಟ್ಟಿದ. "ಹಳೇ ತೆನೆ ಮೊಳೆಯುವುದಿಲ್ಲ. ಇದು ಕಳೆದ ಹಬ್ಬದ್ದು. ಪಪ್ಪ ಕಟ್ಟಿದ ಕಡೇದು."

ಕರಿಬೇವಿನ ಬುಡದಲ್ಲಿ ಐದು ಎಳೆ ಹಸಿರು. ಬಹ್ರೇನ್ ದ್ವೀಪದ ಅತಿ ದೊಡ್ಡ ಭತ್ತದ ಗದ್ದೆ ಅದು, ಅಳತೆಯಲ್ಲಿ ಪೂರಾ ಒಂದು ಗೇಣು.

ಫ್ಲಾವಿಯಾ ಪಕ್ಕದಲ್ಲಿ ಕುಳಿತು ಎಣಿಸಿದಳು. ಅವನು ಅವಳ ಕಡೆ ನೋಡದೆ ಮೊದಲು ಫೋನ್ ತೆಗೆದ.

"ಆಂಟಿ, ನಾನು ಮರ್ವಿನ್... ಇಲ್ಲ, ಬೈಬೇಡಿ... ಬೈಯಿರಿ, ಆಯ್ತು. ತಪ್ಪು ನನ್ನದು."

ಆಂಟಿ ಬೈದದ್ದು ಸನದ್‌ನಿಂದ ಅರಾದ್‌ಗೆ ಫೋನ್ ಇಲ್ಲದೆಯೂ ಕೇಳಿಸುತ್ತಿತ್ತು.

ಫೋನ್ ಇಟ್ಟು ಅವಳತ್ತ ತಿರುಗಿದ. "ನನಗೆ ಸಿಟ್ಟು ಉಂಟು. ಸುಳ್ಳಿಗೆ."

"ಗೊತ್ತು."

"ನಾಳೆ ನೀನೇ ಬಂದು ಆಂಟಿ ಹತ್ರ ಹೇಳ್ಬೇಕು."

"ಹೆದರಿಕೆ ಆಗ್ತದೆ, ಮರ್ವಿನ್."

"ನನಗೂ ಆಗ್ತದೆ. ಒಟ್ಟಿಗೆ ಹೋಗುವ." ಅವನು ಅವಳ ಅಂಗೈಯ ಬಿಳಿ ಧೂಳನ್ನು ತನ್ನ ಹೆಬ್ಬೆರಳಿನಿಂದ ಒರೆಸಿದ. ಕೈ ಬಿಡಲಿಲ್ಲ.

"ಮತ್ತೆ ಆಲ್ತಾರ್? ಕೊಂಡುಹೋಗುವುದಿಲ್ಲವಾ?"

"ಮನೆ ಆಗುವವರೆಗೆ ಇಲ್ಲೇ ಇರ್ಲಿ. ಗದ್ದೆ ಇರುವ ಕಡೆಯೇ ಅಲ್ವಾ ತೆನೆ ಕಟ್ಟುವುದು."

"ಹಾಗಾದ್ರೆ ನೀರು ನಾನು ಹಾಕ್ಲಾ?"

"ಬೇಡ. ದಿನಾ ನಾನೇ ಬರ್ತೇನೆ. ನಿನ್ನ ಕೈಗೆ ಬಿಟ್ರೆ ನೀನು ಅದಕ್ಕೂ ಬಿಳಿ ಪೈಂಟ್ ಹೊಡೀತೀ."