ಬುಬುವಿನ ಪುಟದಲ್ಲಿ ಎರಡನೇ ಕೈ

‘ಏಡಿ ಕದಿಯೋ ಊರಿನವನೇ, ನಾನೇನು ನಿಮ್ಮಪ್ಪನ ಮನೇಲಿ ಮಲಗಿದೀನಾ?’

ಕಂಪ್ಯೂಟರ್ ಪರದೆಯ ಮೇಲಿನ ಸಾಲು ತನ್ನಷ್ಟಕ್ಕೆ ತಾನೇ ಬದಲಾಯಿತು!

ಕೆಲೇರ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಅವಳು ಒಂದು ಅಕ್ಷರವನ್ನೂ ಒತ್ತಿರಲಿಲ್ಲ. ನಡುಮಧ್ಯಾಹ್ನ. ಕಿಟಕಿಯಾಚೆ ಸುವಾ ಪಟ್ಟಣ ಬಸ್ಸುಗಳ ಹಾರ್ನಿನಲ್ಲಿ ಕಿರುಚುತ್ತಿತ್ತು. ಆದರೂ ಅವಳ ಬೆನ್ನಹುರಿಯಲ್ಲಿ ಮಂಜು ಇಳಿದಂತಾಯಿತು.

ಆ ಪುಟ ಅವಳ ಅಜ್ಜಿಯದು. ಬುಬು ಸಲನಿಯೇತಳದು.

ಬುಬು ಸತ್ತು ಮಣ್ಣಾಗಿದ್ದಳು.

ಹಿಂದಿನಿಂದ ಯಾರೋ ನಕ್ಕರು. ಕೆಲೇರ ಕುರ್ಚಿಯಿಂದ ಎಗರಿ ತಿರುಗಿದಳು. ಪಂಚೆಯಂಥ ಕಪ್ಪು ಸುಲು ಉಟ್ಟ ಎತ್ತರದ ಯುವಕ. ಅವನ ಕಣ್ಣು ಪರದೆಯ ಮೇಲಿತ್ತು. ಆಮೇಲೆ ಅವಳ ಮುಖದ ಮೇಲೆ ಬಂದು ಅಲ್ಲೇ ನಿಂತಿತು.

“ಉತ್ತರ ಚೆನ್ನಾಗಿದೆ,” ಅಂದ ಮೆಲ್ಲಗೆ.

“ಯಾರ್ ನೀನು?”

“ಇಸಿಕೇಲಿ. ಸವುಸವು ಶಾಖೆಯಿಂದ ವರ್ಗವಾಗಿ ಬಂದೆ. ಕೆಳಗೆ ಸದಸ್ಯರ ಕೌಂಟರ್ ನಂದು.”

ಯಾವ ಉತ್ತರ ಅಂತ ಅವಳು ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ. ಅವಳ ಎದೆ ಡವಗುಟ್ಟುತ್ತಲೇ ಇತ್ತು. ಭಯಕ್ಕೋ... ಆ ಕಣ್ಣಿಗೋ...

ಅವಳು ಕೆಲಸಕ್ಕಿದ್ದ ಉಳಿತಾಯ ಬ್ಯಾಂಕಿನ ಸದಸ್ಯರೆಲ್ಲ ದೂರದೂರದ ದ್ವೀಪಗಳವರು. ಬ್ರೌಸರಿನಲ್ಲಿ ತೆರೆಯುವ ತಮ್ಮ ಪುಟವನ್ನು ಅವರು ಮನಸ್ಸಿಗೆ ಬಂದ ಹಾಗೆ ಜೋಡಿಸಿಕೊಳ್ಳಲಿ ಅಂತ ಕೆಲೇರ ಕಟ್ಟುತ್ತಿದ್ದ ಕೆಲಸ ಅದು. ಪೆಟ್ಟಿಗೆಗಳನ್ನು ಎಳೆದು ಎಲ್ಲಿ ಬೇಕಾದರೂ ಇಡಬಹುದು. ಬಣ್ಣ ಬಳಿಯಬಹುದು. ಪುಟದ ನೆತ್ತಿಯ ಮೇಲಿನ ಸಾಲಿನಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ಮೊದಲು ಬಳಸಿ ನೋಡಿದ ಸದಸ್ಯೆಯೇ ಬುಬು. ದುಡ್ಡಿನ ಪೆಟ್ಟಿಗೆಯನ್ನು ಕೆಳಗೆ, ಎಲ್ಲಕ್ಕಿಂತ ಕೆಳಗೆ ತಳ್ಳಿದ್ದಳು.

“ಬಂದೋರು ಮೊದಲು ದುಡ್ಡು ನೋಡಬಾರದು ಮಗಾ. ಅದು ಮರ್ಯಾದೆ ಅಲ್ಲ,” ಅಂದಿದ್ದಳು.

ಆ ಬುಬು ಹಾಸಿಗೆ ಹಿಡಿದಾಗ ಮ್ಯಾನೇಜರ್ ಫಿಲಿಮೋನಿ ರಜೆ ಕೊಡಲಿಲ್ಲ. “ಪುಟ ಮುಗಿಸಿ ಹೋಗು” ಅಂದ. ಅವನಿಗೇನು! ಸಾಯುವವರು ಅವನ ಕ್ಯಾಲೆಂಡರ್ ನೋಡಿ ಸಾಯಬೇಕು. ಕೆಲೇರ ಹಡಗು ಹತ್ತಿ ಊರು ಮುಟ್ಟಿದಾಗ ಬುಬುವನ್ನು ಚಾಪೆಯಲ್ಲಿ ಸುತ್ತಿಯಾಗಿತ್ತು.

ಅಂದಿನಿಂದಲೇ ಪುಟ ಅಲುಗಾಡಲು ಶುರುವಾದದ್ದು.

ಬೆಳಿಗ್ಗೆ ನೀಲಿ ಇದ್ದ ಬಣ್ಣ ಮಧ್ಯಾಹ್ನಕ್ಕೆ ಮಾಸಿ ಎಂಬ ತೊಗಟೆ ಬಟ್ಟೆಯ ಕಂದು. ಚರ್ಚಿನ ಕಾಣಿಕೆಯ ಪೆಟ್ಟಿಗೆ ಮೇಲಿದ್ದದ್ದು ಮಗ್ಗುಲಿಗೆ. ನೆತ್ತಿಯ ಸಾಲಿನಲ್ಲಿ ಬೈಗುಳ: ‘ಏ ಬೊಕ್ಕುಬಾಯಿ ಮುದುಕಿ, ಹೊತ್ತು ನೆತ್ತಿಗೆ ಬಂತು, ಇನ್ನೂ ಏಳಲಿಲ್ವಾ?’ ಸ್ವಲ್ಪ ಹೊತ್ತಿಗೆ ಅದಕ್ಕೆ ಮರುಬೈಗುಳ! ಯಾರು ಬರೆದರು ಅಂತ ಕೆಲೇರ ಒಳಗಿನ ದಾಖಲೆ ಇಣುಕಿ ನೋಡಿದರೆ ಬೈದದ್ದೂ ಸಲನಿಯೇತ. ಬೈಸಿಕೊಂಡು ತಿರುಗಿ ಬೈದದ್ದೂ ಸಲನಿಯೇತ.

ಸತ್ತವಳು ತನ್ನೊಡನೆ ತಾನೇ ಜಗಳವಾಡುತ್ತಿದ್ದಾಳಾ...?

ಅವಳು ಯಾರಿಗೂ ಹೇಳಲಿಲ್ಲ. ಹೆದರಿಕೆಯಾಗುತ್ತಿತ್ತು, ನಿಜ. ಅದು ನಿಂತುಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಈ ನಡುವೆ ಇಸಿಕೇಲಿ ದಿನಾ ಊಟದ ಹೊತ್ತಿಗೆ ಎರಡು ರೋಟಿ ಪೊಟ್ಟಣ ಹಿಡಿದು ಬರತೊಡಗಿದ. ಇಬ್ಬರೂ ಸಮುದ್ರದ ತಡೆಗೋಡೆಯ ಮೇಲೆ ಕೂರುತ್ತಿದ್ದರು.

“ಇವತ್ತಿಂದು ಸಪ್ಪೆ ಆಯ್ತು ಕಣೇ. ಖಾರ ಸಾಲ್ದು.”

“ರೋಟೀನಾ?”

ಅವನು ಜೋರಾಗಿ ನಗುತ್ತಿದ್ದ. ಇವನಿಗೆ ತಲೆ ಸರಿ ಇಲ್ಲ ಅಂದುಕೊಳ್ಳುತ್ತಿದ್ದಳು. ಅಂದುಕೊಂಡು, ಮರುದಿನ ಗಡಿಯಾರ ನೋಡುತ್ತಿದ್ದಳು.

ಒಂದು ಸೋಮವಾರ ಫಿಲಿಮೋನಿಯ ಕಣ್ಣಿಗೆ ಆ ಪುಟ ಬಿತ್ತು.

“ಸತ್ತವಳ ಖಾತೇಲಿ ಯಾವನೋ ಕೈಯಾಡಿಸ್ತಿದಾನೆ! ಮುಂದಿನ ವಾರ ಈ ಪುಟಗಳನ್ನ ಎಲ್ಲಾರಿಗೂ ತೆರೀಬೇಕು, ಗೊತ್ತಾ? ಶುಕ್ರವಾರದೊಳಗೆ ನಂಗೆ ಹೆಸರು ಬೇಕು. ಅವನು ಮನೆಗೆ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ.”

ಕೆಲೇರ ತಾನು ಕಟ್ಟಿದ್ದನ್ನು ಬಿಚ್ಚಿ ನೋಡಿದಳು. ತಪ್ಪು ಅವಳದೇ. ಊರಿನ ಮನೆಗಳಲ್ಲಿ ಫೋನು ಒಂದೇ, ಕೈ ಹತ್ತು. ಅದಕ್ಕೇ ಪ್ರತಿ ಸದಸ್ಯರೂ ನಂಬಿದ ಇನ್ನೊಬ್ಬರಿಗೆ ಪುಟ ಜೋಡಿಸುವ ಅಪ್ಪಣೆ ಕೊಡಬಹುದು ಅಂತ ಅವಳು ಮಾಡಿದ್ದಳು. ದುಡ್ಡು ಮುಟ್ಟುವ ಹಾಗಿಲ್ಲ, ಬರೀ ಜೋಡಿಸಬಹುದು. ಎರಡನೇ ಕೈ ಅಂತ ಅದಕ್ಕೆ ಹೆಸರು. ಆದರೆ ಯಾವ ಕೈ ಮುಟ್ಟಿದರೂ ಪುಟದ ಒಡತಿಯ ಹೆಸರೇ ದಾಖಲಾಗುತ್ತಿತ್ತು. ಅವಳು ಬೆಳೆದ ಮನೆಯಲ್ಲಿ ಇದನ್ನು ಮುಟ್ಟಿದ್ದು ಯಾರು ಅಂತ ಯಾರೂ ಕೇಳಿದ್ದಿಲ್ಲ. ಕೇಳಬೇಕು ಅಂತ ಅವಳಿಗೂ ಹೊಳೆದಿರಲಿಲ್ಲ.

ಮುಟ್ಟಿದ ಕೈಯ ಹೆಸರೇ ಬೀಳುವ ಹಾಗೆ ಸರಿಪಡಿಸಿದಳು. ಕಾದಳು.

ಶುಕ್ರವಾರ ಬೆಳಿಗ್ಗೆ ಸಾಲು ಬದಲಾಯಿತು: ‘ಏ ಮುದುಕಿ, ಸ್ವರ್ಗದಲ್ಲಿ ಅಗಿಯೋಕೆ ಹಲ್ಲು ಕೊಟ್ರಾ?’

ಕೈ: ಇಸಿಕೇಲಿ.

ಅವಳ ಕಣ್ಣು ಕತ್ತಲಿಟ್ಟಿತು. ರೋಟಿ ತಂದುಕೊಟ್ಟ ಕೈ... ತನ್ನ ಬುಬುವಿನ ಸಾವನ್ನು ಆಟ ಮಾಡಿಕೊಂಡ ಕೈ!

ತಡೆಗೋಡೆಯ ಮೇಲೆ ಅವನು ಪೊಟ್ಟಣ ಬಿಚ್ಚುತ್ತಿದ್ದ. ಅವಳು ಅದನ್ನು ಕಿತ್ತು ಸಮುದ್ರಕ್ಕೆ ಎಸೆದಳು.

“ಕಳ್ಳ! ಸತ್ತೋರ ಪುಟಕ್ಕೆ ನುಗ್ಗೋಕೆ ನಾಚ್ಕೆ ಆಗಲ್ವಾ? ನಾನು ಹೆಸರು ಕೊಡ್ತಿದೀನಿ. ಜೈಲಲ್ಲಿ ಕೂತು ನಗು!”

“ನುಗ್ಗೋದಾ? ಅವಳೇ ಕೊಟ್ಟಿದ್ದು ಕಣೇ ಎರಡನೇ ಕೈ! ಸವುಸವು ಕೌಂಟರಿಗೆ ಬಂದು ಪುಟ ಜೋಡಿಸೋದು ಕಲಿತಿದ್ದೇ ನನ್ನ ಹತ್ರ. ನಾನು ವುನಿವೌ ಊರಿನೋನು.”

ಕೆಲೇರ ಕಲ್ಲಾದಳು.

ವುನಿವೌ! ಅವರೂರ ದೇವರೂ ಬುಬುವಿನ ಊರ ದೇವರೂ ಅಣ್ಣತಮ್ಮ. ಎರಡೂ ಊರು ತೌವು, ಕೀಟಲೆಯ ನೆಂಟರು. ಎಷ್ಟು ಬೇಕಾದರೂ ಬೈಯಬಹುದು, ಹೇಳದೆ ಕೇಳದೆ ಎತ್ತಿಕೊಂಡು ಹೋಗಬಹುದು, ಯಾರೂ ಸಿಟ್ಟಾಗುವಂತಿಲ್ಲ. ಹೊಸಬರನ್ನು ಕಂಡರೆ ಮೊದಲು ಕೇಳಬೇಕಾದ ಮಾತು ‘ಯಾವೂರು’ ಅಂತ. ಪಟ್ಟಣದಲ್ಲಿ ಬೆಳೆದ ಅವಳು ಶಾಖೆಯ ಹೆಸರು ಕೇಳಿ ಸುಮ್ಮನಾಗಿದ್ದಳು.

“ನಿಮ್ಮೋರು ಸತ್ರೆ ಅಳೋಕೆ ಬೇಕಾದಷ್ಟು ಜನ,” ಅವನ ದನಿ ಒಡೆಯಿತು. “ಕಿಚಾಯಿಸೋದು ನಮ್ಮ ಪಾಲು. ಬೈಯದೆ ಕಳಿಸಿದ್ರೆ ಮುದುಕಿ ನನ್ನ ಬಿಡ್ತಿದ್ಲಾ? ಮತ್ತೆ... ನೀನೂ ದಿನಾ ತಿರುಗಿ ಬೈತಿದ್ಯಲ್ಲ. ಅದಕ್ಕೇ ಅಂದ್ಕೊಂಡೆ, ನಿಂಗೆಲ್ಲ ಗೊತ್ತು, ನಿಂಗೂ ನನ್ ಮೇಲೆ... ಅಂತ.”

“ನಾನಾ?”

“ಮತ್ಯಾರು? ಮೊದಲ್ನೇ ದಿನ ನಿನ್ ಹಿಂದೇನೇ ನಿಂತಿದ್ನಲ್ಲ. ನಿನ್ನ ಮುಂದೇನೇ ಆ ಏಡಿ ಕಳ್ಳನ ಬೈಗುಳ ಬಂತು.”

“ನನ್ನ ಕೈ ಮಡಿಲಲ್ಲಿತ್ತು ಇಸಿಕೇಲಿ.”

ಅಲೆ ಗೋಡೆಗೆ ಬಡಿದು ಹಿಂದೆ ಸರಿಯಿತು.

ಅವಳು ಫೋನಿನಲ್ಲಿ ಪುಟ ತೆರೆದಳು. ಬೆಳಗಿನ ಬೈಗುಳಕ್ಕೆ ಉತ್ತರ ಬಂದು ಕೂತಿತ್ತು: ‘ಹಲ್ಲು ಕೊಟ್ರು ಕಣೋ. ಮೊದಲು ನಿನ್ನೇ ಕಚ್ತೀನಿ.’

ಕೈ: ಸಲನಿಯೇತ.

“ಮುದುಕಿ ಫೋನು ಯಾರ ಹತ್ರ ಇದೆ?” ಅವನು ಪಿಸುಗುಟ್ಟಿದ.

“ಅವಳ ಹತ್ರಾನೇ. ನಾನೇ... ಚಾಪೆಯೊಳಗೆ, ಎದೆ ಮೇಲೆ ಇಟ್ಟೆ. ಮಣ್ಣು ಹಾಕೋ ಮುಂಚೆ.”

ಬಿಸಿಲು ಸುಡುತ್ತಿತ್ತು. ಇಬ್ಬರ ಮೈಮೇಲೂ ಮುಳ್ಳೆದ್ದಿತ್ತು.

ಕೆಲೇರ ಎದ್ದು ನೆಟ್ಟಗೆ ಫಿಲಿಮೋನಿಯ ಕೋಣೆಗೆ ನಡೆದಳು.

“ಹೆಸರು?”

“ಕೆಲೇರ. ಬರ್ಕೊಳ್ಳಿ.”

“ತಮಾಷೆನಾ?”

“ಅಲ್ಲ ಸಾರ್. ಬುಬುನೇ ಇನ್ನೊಬ್ರಿಗೆ ಅಪ್ಪಣೆ ಕೊಟ್ಟಿದ್ಲು. ಸತ್ತ ಮೇಲೆ ಅದು ನಿಲ್ಲೋ ಹಾಗೆ ನಾನು ಕಟ್ಟಿರ್ಲಿಲ್ಲ. ದುಡ್ಡನ್ನ ಯಾರೂ ಮುಟ್ಟಿಲ್ಲ, ಬೇಕಾದ್ರೆ ನೋಡಿ. ಮನೆಗೆ ಕಳಿಸೋದಾದ್ರೆ ನನ್ನ ಕಳಿಸಿ. ಮುಂದಿನ ವಾರ ಪುಟ ಯಾರು ತೆರೀತಾರೆ ಅಂತ ಆಮೇಲೆ ನೀವೇ ಯೋಚ್ನೆ ಮಾಡಿ.”

ಫಿಲಿಮೋನಿ ದುಡ್ಡಿನ ದಾಖಲೆಯನ್ನಷ್ಟೇ ಮೇಲಿಂದ ಕೆಳಗೆ ನೋಡಿದ. ಒಂದು ಡಾಲರೂ ಅಲುಗಿರಲಿಲ್ಲ. ಅವನ ಕುತ್ತಿಗೆ ಕೆಂಪೇರಿತು. ಇವಳಿಲ್ಲದೆ ಅವನಿಗೆ ಆ ಪರದೆ ಹೊತ್ತಿಸಲೂ ಬರುತ್ತಿರಲಿಲ್ಲ.

“ಸಂಜೆಯೊಳಗೆ ಆ ಪುಟ ಮುಚ್ಚಿಹಾಕು. ನಡಿ,” ಅಂದ.

ಇಸಿಕೇಲಿಯ ಕೆಲಸ ಉಳಿಯಿತು. ಬುಬು ಉಳಿಯುವಂತಿರಲಿಲ್ಲ.

ಹೊತ್ತು ಬಂದರಿನ ಹಿಂದೆ ಇಳಿಯುವಾಗಲೂ ಅವನು ಗೋಡೆಯ ಮೇಲೇ ಕೂತಿದ್ದ. ಕೆಲೇರ ಪಕ್ಕಕ್ಕೆ ಬಂದು ಕೂತಳು. ಒಂದು ಗುಂಡಿ ಒತ್ತಿದರೆ ಮುಗಿಯಿತು. ಬೆರಳು ಒಪ್ಪುತ್ತಿಲ್ಲ.

“ಕೊನೇ ಗಳಿಗೇಲಿ ನಾನು ಅವಳ ಹತ್ರ ಇರ್ಲಿಲ್ಲ... ಈಗ ನನ್ನ ಕೈಯಾರೆ ಮತ್ತೆ ಮಣ್ಣು ಹಾಕೋದಾ?”

ಅವನು ಉತ್ತರಿಸುವ ಮೊದಲೇ ಪುಟ ಅಲುಗಿತು. ಚರ್ಚಿನ ಪೆಟ್ಟಿಗೆ ಮೆಲ್ಲಗೆ ಜಾರಿತು. ಹಡಗಿನ ಟಿಕೆಟ್ಟಿನ ಪೆಟ್ಟಿಗೆ ಜಾರಿತು. ಒಂದೊಂದಾಗಿ ಎಲ್ಲವೂ ಪುಟದಂಚಿಗೆ ಸರಿದವು, ಮಲಗುವ ಮುಂಚೆ ಯಾರೋ ಮನೆ ಗುಡಿಸಿ ಒಪ್ಪ ಮಾಡಿದ ಹಾಗೆ. ನೆತ್ತಿಯ ಮೇಲೆ ಹೊಸ ಸಾಲು ಮೂಡಿತು.

‘ಸಾಕು. ಇನ್ನು ನೀವಿಬ್ರೇ ಬೈದಾಡ್ಕೊಳ್ಳಿ. ನಂಗೆ ನಿದ್ದೆ.’

ಕೆಲೇರಳ ಕಣ್ಣೀರು ಪರದೆಯ ಮೇಲೆ ಬಿತ್ತು. ಅವಳು ಗುಂಡಿ ಒತ್ತಿದಳು. ಪುಟ ಕಪ್ಪಾಯಿತು.

ಮೂಗೊರೆಸಿಕೊಂಡು ಅಂದಳು, “ಹಂಗಾದ್ರೆ ಇಷ್ಟು ದಿನ ನೀನು ಪ್ರೀತಿಸಿದ್ದು ನಮ್ಮ ಬುಬೂನ!”

“ಬೈಗುಳ ಅವಳದೇ ಇರ್ಬಹುದು. ಅದನ್ನ ನೆಪ ಮಾಡ್ಕೊಂಡು ದಿನಾ ನೋಡೋಕೆ ಬರ್ತಿದ್ದಿದ್ದು ನಿನ್ನ.”

“ಭಯ ಆಗ್ತಿಲ್ವಾ ನಿಂಗೆ?”

“ತುಂಬಾ. ಕೈ ಕೊಡ್ತೀಯಾ?”

ಕೊಟ್ಟಳು. ಅವನು ಬಿಗಿಯಾಗಿ ಹಿಡಿದುಕೊಂಡ.

“ಅವಳು ಇಲ್ಲೇ ಎಲ್ಲೋ ನೋಡ್ತಿದ್ರೆ?” ಅಂದಳು.

“ನೋಡ್ಲಿ. ಈ ಕೈ ಬಿಟ್ರೆ ತಾನೇ ಅವಳು ಕಚ್ಚೋದು... ನಾನು ಬಿಡಲ್ಲ.”